ಹನ್ನೊಂದನೆಯ ಬಟ್ಟಲು

ಕತ್ತಿ ಬಂದು ಡ್ರೈವರ್ ಮಾವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮರದ ಹಲಗೆಯಲ್ಲಿ ನೆಟ್ಟುಕೊಂಡಿತು.

ಮಾವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಧೈರ್ಯವೇನೂ ಅಲ್ಲ, ಕೈಗೆ ಅವರ ಮಾತು ಕೇಳುವ ತ್ರಾಣ ಉಳಿದಿರಲಿಲ್ಲ. ಇನ್ನೊಂದು ಕೈಯಲ್ಲಿದ್ದ ಚಮಚದಿಂದ ಸಾರು ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು.

“ಇನ್ನೊಂದ್ಸಲ ಹೇಳು,” ಎಂದ ಅಡುಗೆಯವನು.

“ಹೊಗಳಿದ್ದು ಕಣಪ್ಪಾ,” ಎಂದರು ಮಾವ, ಕತ್ತಿಯನ್ನೇ ನೋಡುತ್ತ. “ಸಾರು ಅಮೋಘವಾಗಿದೆ, ಆದ್ರೆ ಇದು ನಿನ್ನ ಕೈಯಡುಗೆ ಅಲ್ಲ ಅಂದೆ. ಇದರಲ್ಲಿ ಬೈಗುಳ ಎಲ್ಲಿ ಬಂತು?”

“ಮಾವ, ಸುಮ್ನಿರಿ,” ಎಂದಳು ಬೆರಳಕ್ಕ.

ಇಪ್ಪತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ನೋಡಿದವಳು ಅವಳು. ಇಲಾಖೆ ಬಿಟ್ಟು ಸ್ವಂತ ಪತ್ತೇದಾರಿ ಕಚೇರಿ ತೆರೆದರೂ ಆ ಹೆಸರು ಅವಳನ್ನು ಬಿಡಲಿಲ್ಲ. ಮಾವ ಅವಳ ತಾಯಿಯ ತಮ್ಮ, ನಿವೃತ್ತ ಬಸ್ ಡ್ರೈವರು. ಈಗ ಅವಳ ಕಾರಿಗೆ ಚಾಲಕರು, ಅವಳ ಕೋಪಕ್ಕೆ ಬ್ರೇಕು.

ಇಬ್ಬರೂ ಹುಡುಕುತ್ತಿದ್ದುದು ಒಂದೇ ಜೀವವನ್ನು. ಬೆರಳಕ್ಕನ ತಮ್ಮ ಕಾಣೆಯಾಗಿ ಐದು ದಿನವಾಗಿತ್ತು. ಊರಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ರಾಮೆನ್, ಅಂದರೆ ಜಪಾನಿ ನೂಡಲ್ಸ್ ಸಾರು, ಎಲ್ಲಿ ಸಿಗುತ್ತದೆಂದು ಪತ್ರಿಕೆಗೆ ಬರೆಯಲು ಅಂಗಡಿಯಿಂದ ಅಂಗಡಿಗೆ ತಿನ್ನುತ್ತ ತಿರುಗುತ್ತಿದ್ದವನು ಒಂದು ದಿನ ಮನೆಗೆ ಮರಳಲಿಲ್ಲ. ಮೇಜಿನ ಮೇಲೆ ಬಿಟ್ಟುಹೋದ ಅವನ ಟಿಪ್ಪಣಿ ಪುಸ್ತಕದಲ್ಲಿ ಹತ್ತು ಬಟ್ಟಲಿಗೆ ಹತ್ತು ಅಂಗಡಿಯ ಹೆಸರಿತ್ತು. ಹನ್ನೊಂದನೆಯದಕ್ಕೆ ಹೆಸರಿರಲಿಲ್ಲ, ನಾಲ್ಕೇ ಸಾಲು.

“ಮೊದಲ ಗುಟುಕಿಗೆ ಹೊಗೆ. ಎರಡನೆಯದಕ್ಕೆ ಸಿಹಿ. ನುಂಗಿ ಎಷ್ಟೋ ಹೊತ್ತಾದ ಮೇಲೆ ಗಂಟಲಲ್ಲಿ ಮೆಣಸು. ಊರಿನಲ್ಲಿ ಇದಕ್ಕಿಂತ ಒಳ್ಳೆಯ ಬಟ್ಟಲಿಲ್ಲ, ಆದರೆ ಇದನ್ನು ಮಾಡುತ್ತಿದ್ದ ಅಜ್ಜ ಸತ್ತು ಏಳು ವರ್ಷವಾಯಿತು.”

ಆ ಅಜ್ಜನ ಅಂಗಡಿ ಬೆರಳಕ್ಕನಿಗೂ ನೆನಪಿತ್ತು. ಕಾಲೇಜಿಗೆ ಹೋಗುವಾಗ ತಮ್ಮ ಅಲ್ಲೇ ಬಿದ್ದಿರುತ್ತಿದ್ದ. ಒಂದು ದಿನ ಅಂಗಡಿಗೆ ಬೆಂಕಿ ಬಿತ್ತು, ಒಳಗೆ ಗುರುತು ಸಿಗದಷ್ಟು ಕರಿಕಲಾದ ಹೆಣವೊಂದು ಸಿಕ್ಕಿತು, ಅಜ್ಜನದೆಂದು ಬರೆದುಕೊಂಡು ಎಲ್ಲರೂ ಕೈತೊಳೆದುಕೊಂಡರು. ಆ ಹೆಣಕ್ಕೆ ಬೆರಳಚ್ಚು ತೆಗೆಯಲು ಬೆರಳುಗಳೇ ಉಳಿದಿರಲಿಲ್ಲ. ಕಾಗದಕ್ಕೆ ಸಹಿ ಹಾಕಿದ್ದು ಬೆರಳಕ್ಕನೇ.

ಈಗ ಈ ಅಂಗಡಿಯಲ್ಲಿ, ಮಧ್ಯಾಹ್ನದ ಗಿರಾಕಿಗಳೆಲ್ಲ ಎದ್ದುಹೋದ ಮೂರು ಗಂಟೆಯ ಹೊತ್ತಿಗೆ, ಅರ್ಧ ಇಳಿಸಿದ ಶಟರಿನ ಕೆಳಗೆ ಬಗ್ಗಿ ಬಂದು ಕೂತ ಮಾವ ಮೊದಲ ಚಮಚ ಬಾಯಿಗಿಟ್ಟವರು ಕಣ್ಣು ಮುಚ್ಚಿದ್ದರು. ಎರಡನೆಯದಕ್ಕೆ ತಲೆ ಆಡಿಸಿದ್ದರು. ಆಮೇಲೆ ಗಂಟಲು ಹಿಡಿದುಕೊಂಡು, “ಬಂತು ನೋಡು ಮೆಣಸು,” ಎಂದಿದ್ದರು. ಐದು ದಿನದಲ್ಲಿ ಇಪ್ಪತ್ತು ಅಂಗಡಿಯ ರಾಮೆನ್ ಇಳಿಸಿ ಬೆಲ್ಟನ್ನು ಎರಡು ತೂತು ಹಿಂದಕ್ಕೆ ಹಾಕಿಕೊಂಡಿದ್ದ ಹೊಟ್ಟೆ ಅದು. ಆ ವಿಷಯದಲ್ಲಿ ಅದು ಸುಳ್ಳು ಹೇಳುವುದಿಲ್ಲ.

“ತಪ್ಪು ತಿಳ್ಕೋಬೇಡಿ ಅಣ್ಣಾ,” ಎಂದಳು ಗಲ್ಲಾದ ಮುಂದೆ ಕೂತಿದ್ದ ಹೆಂಗಸು. “ನಮ್ಮನೆಯವರಿಗೆ ಮೂಗಿನ ತುದೀಲಿ ಕೋಪ. ರೀ, ಕತ್ತಿ ತೆಗೀರಿ.”

ಅಡುಗೆಯವನು ಕತ್ತಿ ತೆಗೆಯಲಿಲ್ಲ. ಎತ್ತರದ ಆಳು, ಹಿಂದೆ ಅಖಾಡದಲ್ಲಿ ಕುಸ್ತಿ ಆಡಿದವನ ಕಿವಿ, ಮುದುಡಿಕೊಂಡು ಗಟ್ಟಿಯಾಗಿತ್ತು. ಅವನು ಒಲೆಯ ಕಡೆ ತಿರುಗಿ, ಕುದಿವ ನೀರಿನಿಂದ ನೂಡಲ್ಸಿನ ಜಾಲರಿ ಎತ್ತಿ ಒದರಿದ. ಬೆರಳಕ್ಕ ಆ ಕೈಯನ್ನೇ ನೋಡುತ್ತಿದ್ದಳು. ಜಾಲರಿಯನ್ನು ಅವನು ಪಾತ್ರೆಯ ಅಂಚಿಗೆ ತಟ್ಟುವುದಿಲ್ಲ, ಗಾಳಿಯಲ್ಲೇ ಒದರುತ್ತಾನೆ.

ತಮ್ಮನ ಕೊನೆಯ ಕರೆಯಲ್ಲಿ ತಟ್ಟುವ ಸದ್ದಿತ್ತು.

ಅವಳು ಫೋನ್ ಎತ್ತದ್ದರಿಂದ ತಾನೇ ಧ್ವನಿಮುದ್ರಣವಾಗಿ ಉಳಿದ ಕರೆ, ಹದಿನಾಲ್ಕು ಸೆಕೆಂಡು. ಹಿಂದೆಲ್ಲೋ ಲೋಹದ ಮೇಲೆ ಲೋಹ ತಟ್ಟುವ ಸದ್ದು, ಎರಡು ಬೇಗ, ಒಂದು ತಡವಾಗಿ. ಅದರ ಮೇಲೆ ತಮ್ಮನ ಏದುಸಿರು. “ಅಕ್ಕಾ… ಎಳೆ… ಎಳೆ…” ಆಮೇಲೆ ಏನೋ ಧಡ್ಡೆಂದು ಬಡಿದು ಮೌನ.

ಅವಳಿಗೆ ಅರ್ಥವಾದದ್ದು ಒಂದೇ. ಸಾಯುವ ಗಳಿಗೆಯಲ್ಲೂ ತಮ್ಮ ತನಗೊಂದು ಸುಳಿವು ಕೊಟ್ಟಿದ್ದಾನೆ, ರಾಮೆನ್ನಿನ ಎಳೆ ನೋಡು ಎಂದು. ಬೆರಳ ಗೆರೆಯಲ್ಲೇ ಬದುಕು ಕಳೆದವಳಿಗೆ ಬೇರೆ ಇನ್ನೇನು ತೋಚೀತು? ಪ್ರತಿ ಅಂಗಡಿಯಿಂದ ಒಂದೊಂದು ಎಳೆ ಎತ್ತಿ, ಒಣಗಿಸಿ, ಲಕೋಟೆಗೆ ಹಾಕಿ, ಭೂತಗನ್ನಡಿ ಹಿಡಿದು ದಪ್ಪ, ಬಣ್ಣ, ಅಂಚು ಎಲ್ಲವನ್ನೂ ಬರೆದಿದ್ದಳು. ಕೈಚೀಲದಲ್ಲಿ ಇಪ್ಪತ್ತು ಲಕೋಟೆಗಳಿದ್ದವು. ಒಂದರಿಂದಲೂ ಒಂದು ಕೂದಲಿನಷ್ಟು ಪ್ರಯೋಜನವಾಗಿರಲಿಲ್ಲ.

ಅವಳು ತಮ್ಮನ ಫೋಟೋ ಗಲ್ಲಾದ ಮೇಲಿಟ್ಟಳು. “ಇವನನ್ನ ನೋಡಿದೀರಾ?”

ಹೆಂಗಸು ಫೋಟೋ ಕೈಗೆತ್ತಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ಇಲ್ಲಮ್ಮ. ದಿನಕ್ಕೆ ನೂರು ಮುಖ ಬರುತ್ತೆ. ಆದ್ರೂ ಇಷ್ಟು ಲಕ್ಷಣವಾಗಿರೋ ಹುಡುಗ ಬಂದಿದ್ರೆ ನೆನಪಿರ್ತಿತ್ತು. ನಿಮಗೇನಾಗ್ಬೇಕು?”

“ತಮ್ಮ.”

“ಅಯ್ಯೋ ದೇವರೇ,” ಎಂದಳು ಹೆಂಗಸು. ಆ ದನಿಯಲ್ಲಿ ಮರುಕವಿತ್ತು, ನಿಜವಾದ ಮರುಕ. ಬೆರಳಕ್ಕನ ಕಣ್ಣು ತುಂಬಿ ಬಂತು. ಐದು ದಿನದಲ್ಲಿ ಯಾರೂ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ.

ಅಷ್ಟರಲ್ಲಿ ಶಟರಿನ ಕೆಳಗೆ ಗಡಗಡ ಸದ್ದಾಯಿತು. ಮೊಟ್ಟೆ ತರುವವನು ತಳ್ಳುಗಾಡಿಯನ್ನು ಒಳಕ್ಕೆ ನೂಕುತ್ತಿದ್ದ. ಮುಂದಿನ ಗಾಲಿ ಹೊಸ್ತಿಲ ಸಂದಿಗೆ ಸಿಕ್ಕಿಬಿತ್ತು, ಮೊಟ್ಟೆಯ ಟ್ರೇಗಳು ವಾಲಿದವು. ಎರಡೂ ಕೈಯಲ್ಲಿ ಟ್ರೇಗಳನ್ನು ತಬ್ಬಿಕೊಂಡು ಅವನು ಅರಚಿದ:

“ಅಕ್ಕಾ! ಎಳೆ! ಅಯ್ಯೋ, ಎಳೆ ಅಕ್ಕಾ!”

ಇಬ್ಬರು ಹೆಂಗಸರೂ ತಿರುಗಿ ನೋಡಿದರು.

ಗಲ್ಲಾದ ಹೆಂಗಸು ಓಡಿಹೋಗಿ ಗಾಡಿಯ ಮೂಗು ಹಿಡಿದು ಒಳಕ್ಕೆ ಎಳೆದಳು. ಬೆರಳಕ್ಕ ನಿಂತಲ್ಲೇ ನಿಂತಳು.

ಎಳೆ. ದಾರವಲ್ಲ, ನೂಡಲ್ಸಲ್ಲ. ಎಳೆ, ಕೈಕೊಟ್ಟು ಎಳೆ, ಮೇಲಕ್ಕೆ ಎಳೆ. ತಮ್ಮನ ಪುಸ್ತಕದುದ್ದಕ್ಕೂ ನೂಡಲ್ಸ್ ಎಂದೇ ಇತ್ತು, ಎಳೆ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಅವಳು ಆ ಪುಸ್ತಕವನ್ನು ಬಾಯಿಪಾಠವಾಗುವಷ್ಟು ಓದಿದ್ದಳು, ಆದರೂ ಕಂಡಿರಲಿಲ್ಲ.

ಅದಕ್ಕಿಂತ ಆಳಕ್ಕೆ ಇಳಿದದ್ದು ಇನ್ನೊಂದು. ಫೋನ್ ಮಾಡಿದ್ದು ತನಗೇ ಆದರೂ ಅಕ್ಕಾ ಎಂದು ಕೂಗಿದ್ದು ತನ್ನನ್ನಲ್ಲ. ಐದು ದಿನದಿಂದ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದೆಲ್ಲ ಬೇರೆಯವರಿಗೆ ಹೇಳಿದ ಮಾತಿಗೆ. ಅಲ್ಲಿ ಇನ್ನೊಬ್ಬ ಅಕ್ಕ ಇದ್ದಳು. ಅವನ ಕಣ್ಣಿಗೆ ಕಾಣುವಷ್ಟು ಹತ್ತಿರ, ಅವನು ಕೈಚಾಚುವಷ್ಟು ಹತ್ತಿರ. ಪರಿಚಯವಿಲ್ಲದವರ ಜೊತೆ ತಮ್ಮ ಏಕವಚನ ಬಳಸುವವನಲ್ಲ. ಆದರೆ ಪ್ರಾಣಕ್ಕೆ ಕುತ್ತು ಬಂದವನಿಗೆ ಎಳೀರಿ ಎನ್ನುವ ವ್ಯವಧಾನ ಎಲ್ಲಿರುತ್ತದೆ?

ಅಂಗಡಿ ಒಂದು ಕ್ಷಣ ಸುಮ್ಮನಾಯಿತು. ಆಗ ಕೇಳಿಸಿತು, ನೆಲದ ಅಡಿಯಿಂದ, ಮಂದವಾಗಿ. ಟಕ್ ಟಕ್. ಟಕ್.

“ಒಂದು ಮಾತು ಕೇಳ್ಲಾ?” ಬೆರಳಕ್ಕ ಗಲ್ಲಾದ ಹೆಂಗಸಿನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. “ನನ್ನ ತಮ್ಮ ನಿಮ್ಮನ್ನ ಏನಂತ ಕರೀತಿದ್ದ?”

“ಎಲ್ರ ಹಾಗೇ, ಅಕ್ಕಾ ಅಂ—”

ಹೆಂಗಸಿನ ಬಾಯಿ ತೆರೆದಂತೇ ಉಳಿಯಿತು.

ಮೊಟ್ಟೆಯವನಿಗೆ ಏನೂ ತಿಳಿಯದಿದ್ದರೂ ಗಾಳಿಯ ವಾಸನೆ ತಿಳಿಯಿತು, ಅವನು ಟ್ರೇಗಳನ್ನು ಮೆಲ್ಲನೆ ಕೆಳಗಿಡತೊಡಗಿದ.

ಗಲ್ಲಾದ ಹೆಂಗಸು ಬಾಯಿ ಮುಚ್ಚಿಕೊಂಡಳು. ಹಲಗೆಯ ಹತ್ತಿರ ಬಂದು, ಮಾವನ ಬೆರಳುಗಳ ನಡುವಿನಿಂದ ಕತ್ತಿಯನ್ನು ಕಿತ್ತುಕೊಂಡಳು. “ರೀ,” ಎಂದಳು ಗಂಡನಿಗೆ, “ಇವರನ್ನ ತಡೀರಿ. ನಾನು ಮೇಲೆ ಹೋಗ್ತೀನಿ.” ಅಡುಗೆಮನೆಯ ಪಕ್ಕದ ಮರದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಮೇಲೆ ಬಾಗಿಲು ಬಡಿದು ಚಿಲಕ ಬಿತ್ತು.

ಬೆರಳಕ್ಕ ಮೆಟ್ಟಿಲಿಗೆ ಧಾವಿಸಿದಳು. ಅಡುಗೆಯವನ ಕಬ್ಬಿಣದ ಸೌಟು ಅವಳ ಭುಜದ ಮೂಳೆಗೆ ಬಿತ್ತು.

ಎಡಗೈ ಸತ್ತುಹೋಯಿತು. ತಿರುಗುವಷ್ಟರಲ್ಲಿ ಇನ್ನೊಂದು ಏಟು ದವಡೆಗೆ ಬಿತ್ತು, ಬಾಯಲ್ಲಿ ಹಲ್ಲೊಂದು ಸಡಿಲವಾಗಿ ರಕ್ತದ ಉಪ್ಪು ತುಂಬಿತು. ಮಾವ ಕುರ್ಚಿಯಿಂದ ಎದ್ದು ರಾಮೆನ್ ಬಟ್ಟಲನ್ನು ಸಾರಿನ ಸಮೇತ ಅವನ ಮುಖಕ್ಕೆ ಎಸೆದರು. ಅವನು ಒರೆಸಿಕೊಳ್ಳಲೂ ಇಲ್ಲ. ಮಾವನ ಕತ್ತುಪಟ್ಟಿ ಹಿಡಿದು ಎತ್ತಿ ಮೊಟ್ಟೆ ಗಾಡಿಯ ಮೇಲೆ ಒಗೆದ. ಮುನ್ನೂರು ಮೊಟ್ಟೆ ಒಟ್ಟಿಗೇ ಒಡೆದವು. ಮೊಟ್ಟೆಯವನು ಶಟರಿನ ಕೆಳಗೆ ನುಸುಳಿ, “ಕೊಲೆ! ಕೊಲೆ!” ಎಂದು ಬೀದಿಗುಂಟ ಓಡಿದ.

“ಎಲ್ಲಿ ನನ್ನ ತಮ್ಮ?” ಬೆರಳಕ್ಕ ರಕ್ತ ಉಗಿದಳು.

ಉತ್ತರವಾಗಿ ಅವನು ಅವಳ ಜಡೆಗೆ ಕೈಹಾಕಿದ. ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಒಲೆಯ ಕಡೆ ದರದರ ಎಳೆದೊಯ್ದ. ನೂಡಲ್ಸ್ ಬೇಯಿಸುವ ದೊಡ್ಡ ಉಕ್ಕಿನ ತೊಟ್ಟಿ ಕೊತಕೊತ ಕುದಿಯುತ್ತಿತ್ತು. ಅವಳ ತಲೆಯನ್ನು ಅದರ ಮೇಲೆ ಬಗ್ಗಿಸಿದ. ಆವಿ ಮುಖಕ್ಕೆ ರಾಚಿತು, ರೆಪ್ಪೆ ಮುಚ್ಚಿದರೂ ಕಣ್ಣು ಉರಿಯಿತು. ಅವಳು ಬಲಗೈಯನ್ನು ತೊಟ್ಟಿಯ ಅಂಚಿಗೆ ಊರಿ ತಡೆದಳು, ಅಂಗೈ ಚುರ್ರೆಂದಿತು. ಅವನು ಇನ್ನೂ ಒತ್ತಿದ. ಜಡೆಯ ತುದಿ ನೀರಿಗೆ ಬಿತ್ತು.

ಅಂಗೈ ಜಾರಿ ಕೆಳಕ್ಕೆ ಹೋಯಿತು. ಅಲ್ಲಿ, ತೊಟ್ಟಿಯ ತಳದಲ್ಲಿ, ಕೊಳೆನೀರು ಬಿಡುವ ನಲ್ಲಿಯ ಹಿಡಿ ಬೆರಳಿಗೆ ಸಿಕ್ಕಿತು.

ಅವಳು ತಿರುಗಿಸಿದಳು.

ಕುದಿವ ನೀರು ಮಂಡಿಯ ಎತ್ತರದಿಂದ ಅವನ ಕಾಲುಗಳಿಗೆ ಹಾರಿತು. ಅಂಥ ಕೂಗನ್ನು ಅವಳು ತನ್ನ ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. ಜಡೆ ಬಿಟ್ಟು ಹಿಂದಕ್ಕೆ ನೆಗೆದವನ ಕಾಲು ಮೊಟ್ಟೆಯ ಲೋಳೆಯ ಮೇಲೆ ಜಾರಿತು. ತಲೆಯ ಹಿಂಭಾಗ ಹಲಗೆಯ ಮೂಲೆಗೆ ಬಡಿಯಿತು. ಆದರೂ ಅವನು ತೆವಳಿ ಬಂದು ಅವಳ ಪಾದ ಹಿಡಿದ. ಮಾವ ಮೈತುಂಬ ಹಳದಿ ಬಳಿದುಕೊಂಡು ಎದ್ದು ಬಂದವರು ತಳ್ಳುಗಾಡಿಯ ಕಬ್ಬಿಣದ ಹಿಡಿ ಕಿತ್ತು ಅವನ ಕೈಮೇಲೆ ಬಾರಿಸಿದರು. ಒಂದು ಸಲ ಸಾಕಿತ್ತು. ಅವರು ಮೂರು ಸಲ ಬಾರಿಸಿದರು, ಮೂಳೆ ಮುರಿದ ಸದ್ದು ಎರಡನೆಯದಕ್ಕೇ ಕೇಳಿತ್ತು.

“ನನ್ನ ಅಕ್ಕನ ಮಗ ಕಣೋ ಅವನು,” ಎನ್ನುತ್ತಿದ್ದರು ಮಾವ, ಅಳುತ್ತ. “ನಾನು ಎತ್ತಿ ಆಡಿಸಿದ ಮಗು ಕಣೋ.”

“ಸಾಕು ಮಾವ.”

ಅಡುಗೆಯವನು ಗೋಡೆಗೊರಗಿ ಬಿದ್ದಿದ್ದ, ತುಟಿ ಅಲುಗುತ್ತಿತ್ತು. “ಕಿಂಡಿ…” ಎಂದ. “ಕಿಂಡಿ ತೆಗೀಬೇಡಿ…” ಅಷ್ಟರಲ್ಲಿ ಕಣ್ಣು ತೇಲಿತು.

ಬೇಡ ಎಂದದ್ದನ್ನೇ ಮೊದಲು ಮಾಡುವುದು ಬೆರಳಕ್ಕನ ಜಾಯಮಾನ. ಒಲೆಯ ಹಿಂದಿನ ಗೋಡೆಯಲ್ಲಿ ಕಪಾಟಿನ ಬಾಗಿಲಿನಷ್ಟು ಅಗಲದ ತಗಡಿನ ಕದವಿತ್ತು, ಹೊರಗಿನಿಂದ ಎರಡು ಅಗುಳಿ. ಎರಡನ್ನೂ ಸರಿಸಿದಳು. ಒಳಗೆ ಕತ್ತಲಿನ ಬಾವಿ, ಮೇಲೊಂದು ರಾಟೆ, ರಾಟೆಯಿಂದ ಕೆಳಕ್ಕೆ ಇಳಿದ ದಪ್ಪ ಹಗ್ಗ. ನೆಲಮಾಳಿಗೆಯಿಂದ ಸಾಮಾನು ಎತ್ತುವ ಹಳೆಯ ಲಿಫ್ಟು. ಕೆಳಗಿನಿಂದ ಬೆಚ್ಚನೆಯ ಗಾಳಿ ಬಂತು. ಅದರಲ್ಲಿ ಸುಟ್ಟ ಬೆಳ್ಳುಳ್ಳಿಯ ಹೊಗೆಯಿತ್ತು. ಹನ್ನೊಂದನೆಯ ಬಟ್ಟಲಿನ ಹೊಗೆ.

ಕಿಂಡಿಯ ಚೌಕಟ್ಟಿಗೆ ರಕ್ತ ಒಣಗಿತ್ತು. ಒಳಗಿನಿಂದ ಹಿಡಿದ ನಾಲ್ಕು ಬೆರಳ ಗುರುತು. ಉಂಗುರದ ಬೆರಳ ಸುರುಳಿಯ ಮಧ್ಯೆ ಅಡ್ಡ ಗಾಯದ ಗೆರೆ. ಏಳನೆಯ ವಯಸ್ಸಿನಲ್ಲಿ ಸೈಕಲ್ ಚೈನಿಗೆ ಕೈಕೊಟ್ಟು ಮಾಡಿಕೊಂಡದ್ದು. ಅದನ್ನು ಗುರುತಿಸಲು ಅವಳಿಗೆ ಭೂತಗನ್ನಡಿ ಬೇಕಾಗಲಿಲ್ಲ.

“ಯಾರಾದ್ರೂ ಇದೀರಾ?” ಎಂದು ಕೂಗಿದಳು.

ಕೆಳಗೆ ತಟ್ಟುವ ಸದ್ದು ನಿಂತಿತು.

“ಯಾರಮ್ಮಾ ಅದು?” ಮುದಿ ದನಿ, ನಡುಗುವ ದನಿ. “ಹೊಸ ದನಿ. ದೇವರ ಹಾಗೆ ಬಂದೆ.”

ಮಾವ ಅವಳ ಭುಜ ಹಿಡಿದುಕೊಂಡರು. “ಅಜ್ಜ! ರಾಮೆನ್ ಅಂಗಡಿ ಅಜ್ಜ! ಮಗಳೇ, ಬದುಕಿದಾರೆ ಕಣೇ!”

“ಏಳು ವರ್ಷದಿಂದ ಇಲ್ಲೇ ಇದೀನಪ್ಪಾ,” ಎಂದಿತು ಆ ದನಿ. “ಮೆಟ್ಟಿಲಿಗೆ ಇಟ್ಟಿಗೆ ಕಟ್ಟಿಬಿಟ್ಟಿದಾರೆ. ನಾನು ಕುದಿಸ್ತೀನಿ, ಅವರು ಎತ್ಕೊಂಡು ಮಾರ್ತಾರೆ. ಹೆತ್ತ ಮಗಳು, ಅಳಿಯ. ಯಾರ ಹತ್ರ ಹೇಳ್ಕೊಳ್ಳಿ?”

ಹಾಗಾದರೆ ಗಲ್ಲಾದ ಹೆಂಗಸು ಇವನ ಮಗಳು. ರುಚಿಯ ಗುರುತು ಹಿಡಿದ ತಮ್ಮ ಮತ್ತೆ ಬಂದು, ಕಿಂಡಿ ಕಂಡು ಇಳಿದಿರಬೇಕು. ಲೆಕ್ಕ ಸರಿಹೋಯಿತು, ಆದರೆ ಬೆರಳಕ್ಕನಿಗೆ ಬೇಕಿದ್ದುದು ಆ ಲೆಕ್ಕವಲ್ಲ.

“ಅಜ್ಜಾ, ಐದು ದಿನದ ಹಿಂದೆ ಒಬ್ಬ ಹುಡುಗ ಇಲ್ಲಿಗೆ ಇಳಿದಿದ್ನಾ?”

“ಇಳಿದಿದ್ದ. ಪಾಪ, ನನ್ನ ಹಳೇ ಗಿರಾಕಿ. ಮೇಲಕ್ಕೆ ಎಳೆ ಅಂತ ಅವಳನ್ನೇ ಕೂಗಿದ. ಎಳೆದಳು.” ದನಿ ತಗ್ಗಿತು. “ಎಳೆದು, ಮೇಲೆ ಕೂರಿಸಿ, ಬಡಿದಳು. ನನಗೆ ಕೇಳಿಸ್ತಿತ್ತು.”

“ಬದುಕಿದಾನಾ?”

ಕೆಳಗೆ ಸೌಟು ಪಾತ್ರೆಯ ಅಂಚಿಗೆ ಒಮ್ಮೆ ತಟ್ಟಿತು.

“ಅಜ್ಜಾ!”

“ದಿನಾ ಬೆಳಿಗ್ಗೆ ಮೇಲಿನ ಕೋಣೆಗೆ ಅಂತ ಎರಡು ಬಟ್ಟಲು ಬಿಸಿ ಸಾರು ಕೇಳೋಳು. ಒಂದು ಗಂಡನಿಗೆ, ಒಂದು ಅವನಿಗೆ. ಇವತ್ತು ಒಂದೇ ಸಾಕು ಅಂದ್ಲಮ್ಮ.”

ಕತ್ತಿ ಹಿಡಿದು ಮೆಟ್ಟಿಲು ಹತ್ತಿದ ಆ ಬೆನ್ನು ಬೆರಳಕ್ಕನ ಕಣ್ಣಮುಂದೆ ಬಂತು. “ಮಾವ, ಪೊಲೀಸ್ರಿಗೆ ಫೋನ್ ಮಾಡಿ, ಅಜ್ಜನ್ನ ಮೇಲಕ್ಕೆ ಎಳ್ಕೊಳ್ಳಿ!” ಎನ್ನುತ್ತಲೇ ಅವಳು ಮೆಟ್ಟಿಲ ಕಡೆ ಓಡಿದಳು. ಹಿಂದೆ ರಾಟೆ ಕಿರುಗುಟ್ಟತೊಡಗಿತು.

ಸತ್ತ ಎಡಗೈ ಜೋಲಾಡುತ್ತಿತ್ತು. ಬಲ ಅಂಗೈ ಬೊಬ್ಬೆಯೆದ್ದು ಒಡೆದಿತ್ತು. ಬಾಗಿಲಿಗೆ ಕಾಲಿನಿಂದ ಒದ್ದಳು. ಮತ್ತೆ ಒದ್ದಳು. “ಅವನ ಮೈಗೆ ಕೈ ಹಾಕಿದ್ರೆ ನಿನ್ನನ್ನ ಜೀವಸಹಿತ ಬಿಡಲ್ಲ ಕಣೇ!” ಎಂದು ಕಿರುಚಿದಳು. ಅದು ಬರೀ ಬೆದರಿಕೆಯಾಗಿರಲಿಲ್ಲ. ಆ ಗಳಿಗೆಯಲ್ಲಿ ಆ ಹೆಂಗಸು ಕೈಗೆ ಸಿಕ್ಕಿದ್ದರೆ ಅವಳು ಕೊಂದೇಬಿಡುತ್ತಿದ್ದಳು.

ಮೂರನೆಯ ಒದೆಗೆ ಮೊದಲೇ ಚಿಲಕ ಒಳಗಿನಿಂದ ಸರಿಯಿತು.

ಬಾಗಿಲಲ್ಲಿ ತಮ್ಮ ನಿಂತಿದ್ದ.

ನಿಂತಿದ್ದ ಎನ್ನುವಂತಿಲ್ಲ, ಗಲ್ಲಾದ ಹೆಂಗಸು ಅವನ ಸೊಂಟ ಬಳಸಿ ನಿಲ್ಲಿಸಿಕೊಂಡಿದ್ದಳು. ಕತ್ತಿಯಿಂದ ಈಗಷ್ಟೇ ಕೊಯ್ದ ಹಗ್ಗದ ತುಂಡು ಅವನ ಮಣಿಕಟ್ಟಿನಲ್ಲಿ ನೇತಾಡುತ್ತಿತ್ತು. ಹಣೆಯಿಂದ ಕುತ್ತಿಗೆಯವರೆಗೆ ಬಿಳಿ ಪಟ್ಟಿ, ನೀಟಾಗಿ, ದಿನಾ ಬದಲಾಯಿಸಿದ ಪಟ್ಟಿ. ಅವನ ಬಲಗಿವಿ ಇರಬೇಕಾದ ಜಾಗ ಚಪ್ಪಟೆಯಾಗಿತ್ತು.

ಬದುಕಿದ್ದಾನೆ. ಅಷ್ಟೇ ಬೆರಳಕ್ಕನ ತಲೆಯಲ್ಲಿ ಸುತ್ತುತ್ತಿತ್ತು, ಬದುಕಿದ್ದಾನೆ.

“ಇವರಲ್ಲ, ಅಕ್ಕ,” ಎಂದ ತಮ್ಮ. ಒಡೆದ ತುಟಿಯಿಂದ ಒಂದೊಂದೇ ಮಾತು ಬಂತು. “ಕೂಡಿಹಾಕಿದ್ದು ಇವರು, ಬಾಯಿ ಬಿಡ್ತೀನಿ ಅಂತ. ಆದ್ರೆ ಇದು ಮಾಡಿದ್ದು ಕೆಳಗಿರೋನು. ಸೌಟಿನಿಂದ ಬಡಿದ. ಕಚ್ಚಿದ. ಇವರು ಎಳೀದೇ ಇದ್ದಿದ್ರೆ…”

“ನಮ್ಮಪ್ಪ ಆ ದಿನ ಅಂಗಡಿಗೆ ಬೆಂಕಿ ಬಿದ್ದು ಸಾಯ್ಲಿಲ್ಲ,” ಎಂದಳು ಹೆಂಗಸು. ಅವಳ ಕಣ್ಣು ಬೆರಳಕ್ಕನನ್ನು ದಾಟಿ ಮೆಟ್ಟಿಲ ಕೆಳಗೆ ನೆಟ್ಟಿತ್ತು. “ಬೆಂಕಿ ಹಚ್ಚಿದ್ದೇ ಅವನು. ಒಳಗೆ ಸುಟ್ಟುಹೋಗಿದ್ದು ನನ್ನಮ್ಮ. ಇಟ್ಟಿಗೆ ಕಟ್ಟಿದ್ದು ಅವನನ್ನ ದುಡಿಸ್ಕೊಳ್ಳೋಕಲ್ಲ, ಅವನಿಂದ ಬೇರೆಯವರನ್ನ ಕಾಯೋಕೆ. ಕಿಂಡಿ ತೆಗೆದ್ರಾ? ಹೇಳಿ, ಕಿಂಡಿ ತೆಗೆದ್ರಾ?”

ಕೆಳಗೆ ರಾಟೆಯ ಸದ್ದು ನಿಂತಿತ್ತು.

“ಮಾವಾ?” ಎಂದು ಕೂಗಿದಳು ಬೆರಳಕ್ಕ.

ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಬಟ್ಟಲುಗಳನ್ನು ಹಲಗೆಯ ಮೇಲೆ ಒಂದರ ಪಕ್ಕ ಒಂದು ಇಡುವ ಸದ್ದು.

“ಮಾವಾ!”

“ನಿಮ್ಮ ಮಾವ ಮಲಗಿದಾರೆ,” ಎಂದಿತು ಮುದಿ ದನಿ. ಅದು ಈಗ ನಡುಗುತ್ತಿರಲಿಲ್ಲ. “ಮೂರು ಬಟ್ಟಲು ಬಡಿಸಿದೀನಿ. ಬನ್ನಿ ಮಕ್ಕಳೇ, ಆರಿ ಹೋಗುತ್ತೆ.”